ಚೆಲ್ಲಿದ ಹಾಲಿನ ದುಡ್ಡು

ಮಳೆ ಸುರಿಯುತ್ತಿತ್ತು ಎಂದು ಬರೆದು ಹೊಡೆದುಹಾಕಿದೆ. ಸುರಿಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಕೊಚ್ಚಿಯ ಕಳಮಶ್ಶೇರಿಯ ನಮ್ಮ ಫ್ಲಾಟಿಗೆ ಹಾಲು ಹಾಕುವ ಚೇಚಿ ಅಂದು ಬೆಳಿಗ್ಗೆ ಬರಿಗೈಯಲ್ಲಿ ಬಾಗಿಲಿಗೆ ಬಂದರು.

"ಹಸುವಿಗೆ ಕೆಚ್ಚಲು ಬಾವು, ಮೋಳೇ. ಡಾಕ್ಟರು ಆಂಟಿಬಯಾಟಿಕ್ ಚುಚ್ಚಿದ್ದಾರೆ. ಔಷಧಿ ನಿಲ್ಲಿಸಿದ ಮೇಲೂ ಕೆಲವು ದಿನ ಹಾಲು ಮಾರಬಾರದಂತೆ."

ಅವರ ಮಲಯಾಳವನ್ನು ನನ್ನ ಮೈಸೂರು ಕನ್ನಡಕ್ಕೆ ತಂದಿದ್ದೇನೆ. ನನ್ನನ್ನು ಮಗಳೇ ಎಂದು ಅವರು ಕರೆಯುವ 'ಮೋಳೇ', ಅವರನ್ನು ಅಕ್ಕ ಎಂದು ನಾನು ಕರೆಯುವ 'ಚೇಚಿ' ಮಾತ್ರ ಹಾಗೇ ಇರಲಿ.

"ಕರೆದ ಹಾಲನ್ನ ಏನ್ ಮಾಡ್ತೀರಿ ಚೇಚಿ?"

"ತೆಂಗಿನ ಬುಡಕ್ಕೆ. ಈ ಸಲ ಎಳನೀರೆಲ್ಲ ಪಾಯಸವೇ!"

ನಗುತ್ತಲೇ ಹೇಳಿದರು. ಆದರೆ ಹಾಲು ಚೆಲ್ಲಿದರೂ ಹಸು ಹಿಂಡಿ ತಿನ್ನುವುದನ್ನು ಬಿಡುವುದಿಲ್ಲ. ನಮ್ಮ ಕಟ್ಟಡದ ರೂಢಿಯೋ, ಹಾಲು ಬಾರದ ದಿನಗಳನ್ನು ತಿಂಗಳ ಕೊನೆಗೆ ಕಳೆದು ಕೊಡುವುದು. ಚೇಚಿ ಬಾಯಿ ಮುಚ್ಚಿಕೊಂಡು ಅದೇ ಹಾಲು ಹಾಕಿದ್ದರೆ ಪೂರ್ತಿ ದುಡ್ಡು ಸಿಗುತ್ತಿತ್ತು. ನಿಜ ಹೇಳಿದ್ದಕ್ಕೆ ಕಡಿತ. ಹಾಗಾದರೆ ಮುಂದಿನ ಸಲ ಅವರು ಯಾಕೆ ಹೇಳಬೇಕು? ನನ್ನ ಮಗಳು ಕುಡಿಯುವ ಹಾಲು ಆ ಪ್ರಶ್ನೆಯ ಮೇಲೆ ನಿಂತಿತ್ತು. ಔಷಧಿ ಹೀಗೆ ಹನಿಹನಿಯಾಗಿ ಹೊಟ್ಟೆ ಸೇರುತ್ತ ಹೋದರೆ, ಜ್ವರ ಬಂದ ದಿನ ಅದೇ ಔಷಧಿ ನಾಟದೆ ಹೋಗಬಹುದು.

ಭಾನುವಾರ ಕಾರು ನಿಲ್ಲಿಸುವ ಜಾಗದಲ್ಲಿ ನಿವಾಸಿಗಳ ಸಭೆ. "ಈ ತಿಂಗಳು ಯಾರೂ ಹಾಲಿನ ದುಡ್ಡು ಕಳೆಯಬಾರದು" ಎಂದೆ. ಗಟ್ಟಿಯಾಗಿ ಹೇಳಿದೆ ಎಂದು ನನ್ನ ನೆನಪು. ಮಗಳ ಪ್ರಕಾರ ನನ್ನ ದನಿ ನಡುಗುತ್ತಿತ್ತು.

ಸೆಕ್ರೆಟರಿ ಮಂಗಳೂರಿನವರು. "ಎಂತ ಮೇಡಂ, ಬ್ಯಾಂಕಿನವರು ನೀವು! ಬಾರದ ಹಾಲಿಗೆ ದುಡ್ಡಾ?"

"ಬಾರದ ಕಾಯಿಲೆಗೆ ನೀವು ವರ್ಷಾ ವರ್ಷಾ ವಿಮೆ ಕಟ್ಟಲ್ವಾ ಸಾರ್?"

"ಅದು ಬೇರೆ ಮಾರಾಯ್ರೆ."

"ಏನು ಬೇರೆ? ಅಲ್ಲಿ ರಸೀದಿ ಕೊಡ್ತಾರೆ, ಅಷ್ಟೇ."

ಯಾರೋ ನಕ್ಕರು. ಸೆಕ್ರೆಟರಿ ನಗಲಿಲ್ಲ. "ಒಳ್ಳೆ ಹಾಲು ಕೊಡುವುದು ಅವರ ಕೆಲಸ."

"ಕೆಟ್ಟದ್ದು ಕೊಡಲಿಲ್ಲವಲ್ಲ! ನಮ್ಮೆಲ್ಲರ ಆರೋಗ್ಯದ ಖರ್ಚು ಅವರೊಬ್ಬರೇ ಯಾಕೆ ಹೊರಬೇಕು?"

ಇಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ನನ್ನ ಕಡೆ ಬಂದರು ಎಂದು ಬರೆಯಲು ಕೈ ತುರಿಸುತ್ತಿದೆ. ಬರಲಿಲ್ಲ. ದುಡ್ಡು ಕಳೆದು ಕೊಟ್ಟು ಹೆಚ್ಚಿನವರು ಪ್ಯಾಕೆಟ್ ಹಾಲಿಗೆ ಹೋದರು. ತಿರುವನಂತಪುರದಿಂದ ಕೊಚ್ಚಿಗೆ ವರ್ಗವಾಗಿ ವರ್ಷವೂ ಆಗದವಳು ರೂಢಿ ಕೆಡಿಸುತ್ತಾಳೆ ಎಂಬ ಮಾತು ಲಿಫ್ಟಿನಲ್ಲಿ ಓಡಾಡಿತು. ಓಡಾಡಲಿ. ನಾನು ಪೂರ್ತಿ ಕೊಟ್ಟೆ. ಮೇಲಿನ ಮಹಡಿಯ ಒಂದು ಮನೆಯವರೂ ಕೊಟ್ಟರು, ಯಾರಿಗೂ ಹೇಳಬೇಡಿ ಎಂದು.

ಚೇಚಿಗೆ ಸಿಟ್ಟೇ ಬಂತು. "ನಾನೇನು ಭಿಕ್ಷೆ ಕೇಳಿದೆನಾ?"

"ಭಿಕ್ಷೆ ಅಲ್ಲ, ಚೆಲ್ಲಿದ್ದರ ಬೆಲೆ. ಚೆಲ್ಲದೆ ನಮಗೇ ಹಾಕಿದ್ರೆ, ಗೊತ್ತಾದ ದಿನ ಒಂದು ಪೈಸೆನೂ ಕೊಡ್ತಿರಲಿಲ್ಲ."

ನೋಟು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು. ಒಪ್ಪಿದರೋ ಸಹಿಸಿದರೋ, ಇಂದಿಗೂ ತಿಳಿಯದು.

ಆಮೇಲೊಂದು ದಿನ ಅವರದೇ ಫೋನು, ಸ್ಪೀಕರಿನಲ್ಲಿ. "ಹಸುವಿಗೆ ಮತ್ತೆ ಬಾವು, ಮೋಳೇ. ಇವತ್ತಿನಿಂದ ಹಾಲಿಲ್ಲ."

ಮಗಳು ಅಡುಗೆಮನೆಯಿಂದ ಮಲಯಾಳದಲ್ಲೇ ಕೂಗಿದಳು: "ಪಿನ್ನೇಂ ಕಟ್ಟನ್ ಚಾಯಯೋ?"

"ಹೂಂ, ಮತ್ತೆ ಹಾಲಿಲ್ಲದ ಚಹಾನೇ. ಬೇಕಾದ್ರೆ ಸಕ್ಕರೆ ಜಾಸ್ತಿ ಹಾಕ್ಕೋ" ಎಂದೆ. ಫೋನಿನಲ್ಲಿ ಚೇಚಿಗೂ ಕೇಳುವಷ್ಟು ಗಟ್ಟಿಯಾಗಿ ಸೇರಿಸಿದೆ: "ದುಡ್ಡು ಮಾತ್ರ ಕಳೆಯಲ್ಲ."