ತಣ್ಣಗಾಗದ ಎಡಗೆನ್ನೆ

ದೆವ್ವಗಳನ್ನು ಕೈಯಾರೆ ಮಾಡಿ ಹೊಟ್ಟೆ ಹೊರೆದವನು ನಾನು. ಕಡಿದ ತಲೆ, ಕೊಳೆತ ಕೈ, ಕೋರೆಹಲ್ಲಿನ ಮೋಹಿನಿ, ಏನು ಕೇಳಿದರೂ ನಾಲ್ಕು ದಿನದಲ್ಲಿ ಮಾಡಿಕೊಡುತ್ತಿದ್ದೆ. ಸಿನಿಮಾದವರು, ಸೀರಿಯಲ್ಲಿನವರು ಬಂದು ಒಯ್ಯುತ್ತಿದ್ದರು. ದೆವ್ವದ ಹೊಟ್ಟೆಯೊಳಗೆ ಪ್ಲಾಸ್ಟರು, ನಾರು ಮತ್ತು ಅಂಟು ಬಿಟ್ಟರೆ ಬೇರೇನೂ ಇಲ್ಲ ಎಂದು ಬಲ್ಲವನಿಗೆ ಭಯ ಹುಟ್ಟುವುದಾದರೂ ಹೇಗೆ? ಅಮಾವಾಸ್ಯೆ ಬಂದರೆ ನನ್ನ ಹೆಂಡತಿ ನಮ್ಮ ಕಾರ್ಖಾನೆಯ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾಳೆ. "ಒಳಗಿನ ದೆವ್ವ ಹೊರಗ ಹೋಗಬಾರದಂತ ಕಟ್ಟೀಯೇನು?" ಎಂದು ಅವಳನ್ನು ಕಾಡುತ್ತಿದ್ದೆ. ಯಾರಾದರೂ ತಮ್ಮ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ ಚಹಾದ ನೆಪ ಹೇಳಿ ಎದ್ದು ಹೋಗುವ ಪೈಕಿ ನಾನು. ಈಗ ಅಂಥದೇ ಒಂದನ್ನು ನಾನೇ ಬರೆಯುತ್ತಿದ್ದೇನೆ. ಓದುವವರು ಎದ್ದು ಹೋದರೆ ತಪ್ಪು ತಿಳಿಯುವುದಿಲ್ಲ.

ಕಾರ್ಖಾನೆ ಎಂದೆ, ದೊಡ್ಡ ಮಾತಾಯಿತು. ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಶಟರ್ ಇರುವ ಒಂದು ಉದ್ದನೆಯ ಕೋಣೆ. ಮುಂಬಯಿಯಲ್ಲಿ ಅದಕ್ಕೆ ಗಾಲಾ ಎನ್ನುತ್ತಾರೆ. ವಿಜಯಪುರದಿಂದ ಬಂದು, ಹತ್ತಾರು ಕಡೆ ಕೆಲಸ ಕಲಿತು, ಮದುವೆಯಾದ ವರ್ಷವೇ ಈ ಗಾಲಾ ಹಿಡಿದಿದ್ದೆ. ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ ಒಬ್ಬ ನಟನ ಮುಖದ ಅಚ್ಚು ತೆಗೆಯುವುದು.

ಆ ನಟನ ಹೆಸರು ಬರೆಯುವುದಿಲ್ಲ. ಹಿಂದಿಯಲ್ಲಿ ಕಡಿಮೆ ಖರ್ಚಿನ ಮೂರು ವಿಜ್ಞಾನದ ಸಿನಿಮಾ ಮಾಡಿದರು. ಮೂರರಲ್ಲೂ ಒಂದೇ ಪಾತ್ರ: ಅಂತರಿಕ್ಷದಿಂದ ಮರಳಿ ಬಂದ, ಆದರೆ ಸ್ವಂತ ಓಣಿಯಲ್ಲಿ ಯಾರಿಗೂ ಗುರುತು ಸಿಗದ ಒಬ್ಬ ಪೈಲಟ್. ದೊಡ್ಡವರು ರಾಕೆಟ್ಟಿನ ಬಾಗಿಲು ಅಲುಗಾಡುವುದನ್ನು ನೋಡಿ ನಕ್ಕರು. ಶಾಲೆ, ಕಾಲೇಜಿನ ಹುಡುಗ ಹುಡುಗಿಯರು ಮಾತ್ರ ಹುಚ್ಚಾದರು. ಪೈಲಟನ ಎಡಗೆನ್ನೆಯ ಮೇಲೆ ರೂಪಾಯಿಯಷ್ಟು ಅಗಲದ ಒಂದು ಸುಟ್ಟ ಕಲೆ ಇತ್ತು. ಆ ಕಾಲದ ಮಕ್ಕಳು ಕೆಂಪು ಬಾಲ್‌ಪೆನ್ನಿನಿಂದ ಕೆನ್ನೆಯ ಮೇಲೆ ಅದನ್ನು ಬರೆದುಕೊಂಡು ಶಾಲೆಗೆ ಹೋಗಿ ಏಟು ತಿಂದವರು.

ಆ ಕಲೆ ಮೇಕಪ್ ಅಲ್ಲ. ಅದು ನಾನು ಸುಟ್ಟದ್ದು.

ಮೊದಲ ಸಿನಿಮಾದ ಹೆಲ್ಮೆಟ್ ಮುಖಕ್ಕೆ ಸರಿಯಾಗಿ ಕೂರಬೇಕು ಎಂದು ಅವರನ್ನು ಗಾಲಾಕ್ಕೆ ಕರೆತಂದಿದ್ದರು. ಆಗೆಲ್ಲ ಮುಖಕ್ಕೆ ವ್ಯಾಸಲೀನ್ ಹಚ್ಚಿ, ಮೂಗಿಗೆ ಎರಡು ನಳಿಕೆ ಇಟ್ಟು, ನೇರವಾಗಿ ಪ್ಲಾಸ್ಟರ್ ಬಳಿಯುತ್ತಿದ್ದೆವು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತದೆ. ನೀರಿಗೆ ಉಪ್ಪು ಹಾಕಿದರೆ ಬೇಗ ಗಟ್ಟಿಯಾಗುತ್ತದೆ. ಅವರಿಗೆ ಬೇರೆ ಶೂಟಿಂಗಿಗೆ ಹೋಗಬೇಕಿತ್ತು, ನನಗೆ ನನ್ನ ಚುರುಕು ತೋರಿಸಬೇಕಿತ್ತು. ಹಿಡಿ ಉಪ್ಪು ಹಾಕಿದೆ, ದಪ್ಪಗೆ ಬಳಿದೆ. ಎಡಗೆನ್ನೆಯ ಒಂದು ಕಡೆ ವ್ಯಾಸಲೀನ್ ಹಚ್ಚುವುದನ್ನೂ ಮರೆತಿದ್ದೆ. ತಡೆಯಲಾಗದಿದ್ದರೆ ಒಂದು ಬೆರಳು ಎತ್ತಿ ಎಂದು ಹೇಳಿದ್ದೆ. ಅವರು ಎತ್ತಲಿಲ್ಲ. ಇಪ್ಪತ್ತು ನಿಮಿಷ ಕಲ್ಲಿನ ಹಾಗೆ ಕೂತರು. ಅಚ್ಚು ಬಿಡಿಸಿದಾಗ ಕೆನ್ನೆಯ ಮೇಲೆ ಕೆಂಡದಂಥ ಕೆಂಪು. ಇವರು ಒಂದು ಮಾತು ಆಡಿದರೆ ಈ ಊರಲ್ಲಿ ನನಗೆ ಯಾರೂ ಕೆಲಸ ಕೊಡುವುದಿಲ್ಲ ಎಂದು ಗೊತ್ತಿತ್ತು.

ಅವರು ಕನ್ನಡಿ ನೋಡಿಕೊಂಡರು. ಮೂಲೆಯಲ್ಲಿದ್ದ ಉಪ್ಪಿನ ಪೊಟ್ಟಣ ನೋಡಿದರು. ಊಟ ಬಡಿಸಿದವರಿಗೆ ದಾಲ್ ಬಗ್ಗೆ ಹೇಳುವ ಹಾಗೆ, "ಅಗ್ಲೀ ಬಾರ್ ನಮಕ್ ಥೋಡಾ ಕಮ್," ಮುಂದಿನ ಸಲ ಉಪ್ಪು ಸ್ವಲ್ಪ ಕಡಿಮೆ, ಎಂದರು. ಕರ್ಚೀಫು ಕೆನ್ನೆಗೆ ಒತ್ತಿಕೊಂಡು ಹೊರಟರು. ಹೊರಗೆ ಕಾಯುತ್ತಿದ್ದ ಪ್ರೊಡಕ್ಷನ್ನಿನವನಿಗೆ ಬೆಳಗ್ಗೆ ಮನೆಯಲ್ಲಿ ಸ್ಟೋವ್ ಸಿಡಿಯಿತು ಎಂದು ಹೇಳಿದ್ದು ನನ್ನ ಕಿವಿಗೇ ಬಿತ್ತು. ಮುಂದೆ ಗುಳ್ಳೆ ಎದ್ದು ಕಲೆ ಉಳಿದಾಗ, ಬೆಂಕಿ ದಾಟಿ ಬಂದ ಪೈಲಟನಿಗೆ ಇಷ್ಟಾದರೂ ಗುರುತು ಬೇಡವೇ ಎಂದು ಡೈರೆಕ್ಟರನ್ನು ಒಪ್ಪಿಸಿ ಕಥೆಯಲ್ಲೇ ಸೇರಿಸಿದರಂತೆ.

ನಾನು ಅವರಿಗೆ ಥ್ಯಾಂಕ್ಸ್ ಹೇಳಲಿಲ್ಲ. ಆ ದಿನ ನಾಲಿಗೆ ಏಳಲಿಲ್ಲ, ಆಮೇಲೆ ಮುಖ ಇರಲಿಲ್ಲ. ಸ್ಟುಡಿಯೋದಲ್ಲಿ ಎರಡು ಸಲ ಎದುರಾದರು. ಎರಡು ಸಲವೂ ನಾನು ಗೋಡೆ ನೋಡಿದೆ. ಅವರ ಒಂದು ಸಿನಿಮಾವನ್ನೂ ಪೂರ್ತಿ ನೋಡಿಲ್ಲ. ಹೆಂಡತಿಗೂ ಈ ಸಂಗತಿ ಹೇಳಿರಲಿಲ್ಲ.

ನಲವತ್ತು ವರ್ಷ ಹೀಗೇ ಹೋಯಿತು. ಮೂರು ವರ್ಷದ ಕೆಳಗೆ ಅವರು ಪರದೇಶದಲ್ಲಿ, ಮಗನ ಮನೆಯಲ್ಲಿ ತೀರಿಕೊಂಡರು. ಅಲ್ಲಿಯೇ ದಹನವೂ ಆಯಿತು. ಟಿವಿಯಲ್ಲಿ ಅರ್ಧ ನಿಮಿಷ ತೋರಿಸಿ ಕ್ರಿಕೆಟ್ಟಿಗೆ ಹೋದರು. ಅದಾದ ನಾಲ್ಕನೆಯ ದಿನ ಇಬ್ಬರು ನನ್ನ ಗಾಲಾ ಹುಡುಕಿಕೊಂಡು ಬಂದರು. ಒಬ್ಬರು ವಡಾಲದ ಸುಮತಿ ಟೀಚರ್, ಉಡುಪಿ ಕಡೆಯವರು, ಶಾಲೆಯಲ್ಲಿ ವಿಜ್ಞಾನ ಕಲಿಸಿ ಹೊಸದಾಗಿ ನಿವೃತ್ತರಾದವರು. ಇನ್ನೊಬ್ಬರು ಭಾಂಡುಪಿನ ಪಾಟೀಲರು, ಬೆಳಗಾವಿಯವರು, ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವರು. ಸಿನಿಮಾದ ಕೊನೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ನನ್ನ ಹೆಸರು ಬರುತ್ತದಂತೆ. ಅದನ್ನು ಹಿಡಿದು ಬಂದಿದ್ದರು. ಇಬ್ಬರೂ ಹತ್ತಿರ ಹತ್ತಿರ ಅರವತ್ತರವರು, ಸ್ವಂತ ಮನೆಯಲ್ಲಿ ಸಾವಾದವರ ಹಾಗಿದ್ದರು.

"ಕಡೆಗೆ ಒಂದ್ಸಲ ಮುಖ ನೋಡ್ಲಿಕ್ಕೂ ನಮಗೆ ಸಿಗ್ಲಿಲ್ಲ ಮಾರಾಯ್ರೆ," ಎಂದರು ಟೀಚರ್. "ಆದಿತ್ಯವಾರ ಸಂತಾಪ ಸಭೆ ಉಂಟು, ಅಲ್ಲಿ ಅವ್ರ ಮುಖ ಇಡ್ಬೇಕು. ನಿಮ್ಮತ್ರ ಆ ಅಚ್ಚು ಇನ್ನೂ ಉಂಟಾ?"

"ಐತ್ರಿ ಬಾಯಾರ," ಎಂದೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಮೊದಲ ಅಚ್ಚಿನಿಂದ ಫೈಬರಿನದೊಂದು ಗಟ್ಟಿ ಅಚ್ಚು ಮಾಡಿ ಅಟ್ಟದ ಮೇಲೆ ಇಟ್ಟಿದ್ದೆ. ಶನಿವಾರ ಮಧ್ಯಾಹ್ನ ಅದರಲ್ಲಿ ಪ್ಲಾಸ್ಟರ್ ಸುರಿದೆ. ಉಪ್ಪು ಹಾಕಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಸಂಜೆ ಬಿಡಿಸಿದಾಗ ಮುಖ ಚೊಕ್ಕಟವಾಗಿ ಬಂದಿತ್ತು. ಅಚ್ಚು ತೆಗೆದದ್ದು ಕಲೆ ಆಗುವುದಕ್ಕೆ ಮೊದಲು, ಹಾಗಾಗಿ ಎಡಗೆನ್ನೆ ನುಣ್ಣಗಿತ್ತು. ಅಭಿಮಾನಿಗಳಿಗೆ ಕಲೆ ಬೇಕಲ್ಲ ಎಂದು ಕೊರೆಯುವ ಉಳಿ ಕೈಗೆತ್ತಿಕೊಂಡೆ. ಆ ಜಾಗಕ್ಕೆ ಎರಡನೆಯ ಸಲ ಕೈ ಹಾಕಲು ಆಗಲಿಲ್ಲ. ಮುಖ ತೊಳೆದು, ಮೇಜಿನ ಮೇಲಿಟ್ಟು, ಶಟರ್ ಎಳೆದು ಮನೆಗೆ ಹೋದೆ.

ಭಾನುವಾರ ಬೆಳಗ್ಗೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಲು ಹೋದಾಗ ಅದು ಕೈಗೆ ತಾಗಿತು. ಹಸಿ ಪ್ಲಾಸ್ಟರ್ ರಾತ್ರಿ ಕಳೆದರೆ ಮಣ್ಣಿನ ಹರವಿಯಂತೆ ತಣ್ಣಗಿರುತ್ತದೆ. ಹಣೆ ತಣ್ಣಗಿತ್ತು. ಮೂಗು, ಗದ್ದ, ಬಲಗೆನ್ನೆ ಎಲ್ಲ ತಣ್ಣಗಿದ್ದವು. ಎಡಗೆನ್ನೆಯ ಎಲುಬಿನ ಕೆಳಗೆ ರೂಪಾಯಿಯಷ್ಟು ಜಾಗ ಮಾತ್ರ ಬೆಚ್ಚಗಿತ್ತು. ಕೈ ಹಿಂದಕ್ಕೆ ತೆಗೆದೆ. ಮತ್ತೆ ಇಟ್ಟೆ. ಪಕ್ಕದಲ್ಲಿದ್ದ ಒಂದು ರಾಕ್ಷಸನ ತಲೆಯನ್ನೂ ಮುಟ್ಟಿ ನೋಡಿದೆ, ಅದು ತಣ್ಣಗೇ ಇತ್ತು. ನಾನು ಹೆದರಿದೆ ಎಂದು ಒಪ್ಪಿಕೊಳ್ಳುತ್ತೇನೆ. ಸತ್ತವರು ಮರೆತಿಲ್ಲ ಎಂದೇ ಅನ್ನಿಸಿತು.

ಹಾರ್ಬರ್ ಲೈನಿನ ಲೋಕಲ್ ಹಿಡಿದು, ಮುಖವನ್ನು ತೊಡೆಯ ಮೇಲಿಟ್ಟುಕೊಂಡು ವಡಾಲಕ್ಕೆ ಹೋದೆ. ಟೀಚರರ ತಮ್ಮನ ಹೋಟೆಲಿನ ಮೇಲಿರುವ ಹಾಲ್‌ನಲ್ಲಿ ಸಂತಾಪ ಸಭೆ. ಐವತ್ತು ಅರವತ್ತು ಜನ ಇದ್ದರು. ಒಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತೆ. ಎಲ್ಲರ ಎಡಗೆನ್ನೆಯ ಮೇಲೂ ಕೆಂಪು ಬಾಲ್‌ಪೆನ್ನಿನ ಕಲೆ. ನರೆತ ಮೀಸೆಯವರು, ಮೊಮ್ಮಕ್ಕಳಿರುವ ಹೆಂಗಸರು, ಬ್ಯಾಂಕಿನಿಂದ ರಿಟೈರ್ ಆದವರು, ಎಲ್ಲರೂ ಬರೆದುಕೊಂಡು ಬಂದಿದ್ದರು. ನಾನು ಮಾಡಿದ ತಪ್ಪು ಅರವತ್ತು ಮುಖಗಳ ಮೇಲೆ ನನ್ನನ್ನೇ ನೋಡುತ್ತಿತ್ತು.

ಮುಖವನ್ನು ಮೇಜಿನ ಮೇಲಿಟ್ಟೆವು. ಪಾಟೀಲರು ಬಗ್ಗಿ ನೋಡಿದರು. "ಎಲ್ಲಾ ಬರೊಬ್ಬರಿ ಬಂದೈತ್ರಿ. ಗಲ್ಲದ ಮ್ಯಾಲಿನ ಕಲೆ ಎಲ್ಲಿ ಹೋತು?" ಎಂದು ಆ ಜಾಗಕ್ಕೆ ಬೆರಳಿಟ್ಟರು. ಇಟ್ಟವರು ಹಾಗೇ ನಿಂತರು. "ಬಾಯಾರ, ಇಲ್ಲಿ ಬರ್ರಿ ಸ್ವಲ್ಪ."

ಬೇರೆ ಜನ ಆಗಿದ್ದರೆ ಅಲ್ಲೇ ಕರ್ಪೂರ ಹಚ್ಚುತ್ತಿದ್ದರು. ಇವರು ವಿಜ್ಞಾನದ ಸಿನಿಮಾ ನೋಡಿ ಬೆಳೆದವರು. ಸುಮತಿ ಟೀಚರ್ ಮೊದಲು ಫ್ಯಾನ್ ಆರಿಸಿದರು. ಕಿಟಕಿಯ ಬಿಸಿಲಿರಬಹುದೆಂದು ಮೇಜನ್ನು ತಿರುಗಿಸಿದರು. ಒಳಗೆ ಬಲ್ಬು ಇಟ್ಟಿದ್ದೇನೆಯೇ ಎಂದು ಮುಖವನ್ನು ಮಗುಚಿ ನೋಡಿದರು. ಒದ್ದೆ ಬಟ್ಟೆಯಿಂದ ಒರೆಸಿದರು. ಆ ಜಾಗ ತಣ್ಣಗಾಗಿ ಒಂದೆರಡು ನಿಮಿಷಕ್ಕೆ ಮತ್ತೆ ಬೆಚ್ಚಗಾಯಿತು. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಜ್ವರದ ಗನ್ನು ವಾಚ್‌ಮನ್ನನ ಡ್ರಾಯರಿನಲ್ಲಿ ಇನ್ನೂ ಇತ್ತು. ಹೊಸ ಸೆಲ್ ಹಾಕಿ ಪ್ಲಾಸ್ಟರಿನ ಹಣೆಗೆ ಹಿಡಿದರು. ಅಂಕಿಯೇ ಬರಲಿಲ್ಲ, 'ಲೋ' ಎಂದು ತೋರಿಸಿತು. ಎಡಗೆನ್ನೆಗೆ ಹಿಡಿದರು. ತೊಂಬತ್ತೇಳು ಚಿಲ್ಲರೆ. ಮೂರು ಸಲ ಹಿಡಿದರು, ಮೂರು ಸಲವೂ ಅಷ್ಟೇ.

"ಸರಿ. ಗೊತ್ತಾಗುದಿಲ್ಲ," ಎಂದರು ಟೀಚರ್. ಗೊತ್ತಾಗದಿದ್ದುದಕ್ಕೆ ಅವರಿಗೆ ಒಳಗೊಳಗೇ ಸಂತೋಷವಾದಂತಿತ್ತು.

ಆಮೇಲೆ ಒಬ್ಬೊಬ್ಬರೇ ಬಂದು ಕೆನ್ನೆ ಮುಟ್ಟಿ, ಮನಸ್ಸಿಗೆ ಬಂದದ್ದು ಹೇಳಿ ಹೋದರು. ಪಾಟೀಲರು ಬಂದಾಗಲೇ ನಾನು ಗಮನಿಸಿದ್ದು, ಅವರೊಬ್ಬರ ಕೆನ್ನೆಯ ಕಲೆ ಮಾತ್ರ ಪೆನ್ನಿನದಲ್ಲ, ನಿಜವಾದದ್ದು, ಅದೂ ಬಲಗೆನ್ನೆಯ ಮೇಲೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಷಿನ್ನಿನಿಂದ ಕಾದ ಕಬ್ಬಿಣದ ಚೂರು ಸಿಡಿದು ಆದದ್ದಂತೆ. ತಿಂಗಳುಗಟ್ಟಲೆ ಲೋಕಲಿನಲ್ಲಿ ಆ ಕಡೆ ಮುಖ ತಿರುಗಿಸಿಯೇ ಕೂರುತ್ತಿದ್ದರಂತೆ. "ಈ ಸಿನಿಮಾ ಬಂದ ಮ್ಯಾಲ ಓಣ್ಯಾಗಿನ ಹುಡುಗ್ರು ನನಗ ಪೈಲಟ್ ಅನ್ನಾಕ ಹತ್ತಿದ್ರು. ಅವತ್ತಿಂದ ಮುಖಾ ಎತ್ತಿ ತಿರಗ್ಯಾಡೀನಿ ಸಾಹೇಬ್ರ," ಎಂದು ಪ್ಲಾಸ್ಟರಿಗೆ ಹೇಳಿ, ಕಣ್ಣು ಒರೆಸಿಕೊಂಡರು.

ಅಷ್ಟರಲ್ಲಿ ಟೀಚರ್ ಶಾಲು, ತೆಂಗಿನಕಾಯಿ ಹಿಡಿದು ನನ್ನತ್ತ ಬಂದರು. ಸಾಹೇಬರ ಮುಖ ಉಳಿಸಿಕೊಟ್ಟವನಿಗೆ ಸನ್ಮಾನ. ನಾನು ಹಿಂದೆ ಸರಿದೆ. ಬಾಯಿ ಮುಚ್ಚಿಕೊಂಡು ಶಾಲು ಹೊದ್ದುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅದನ್ನು ಹೊದ್ದು ಆ ಮುಖದ ಎದುರು ನಿಲ್ಲುವ ಧೈರ್ಯ ನನಗಿರಲಿಲ್ಲ.

ಎಲ್ಲ ಹೇಳಿದೆ. ಉಪ್ಪು, ಅವಸರ, ಮರೆತ ವ್ಯಾಸಲೀನ್, ಸ್ಟೋವಿನ ಸುಳ್ಳು, ಎರಡು ಸಲ ಗೋಡೆ ನೋಡಿದ್ದು. ನಾನು ಗಾಲಾ ನಡೆಸಿದ್ದು, ಮಕ್ಕಳನ್ನು ಓದಿಸಿದ್ದು ಎಲ್ಲ ಅವರು ನನ್ನ ಕಡೆ ತೋರಿಸದ ಆ ಒಂದು ಬೆರಳಿನಿಂದ ಎಂದೆ. ಬಳಿಕ ಪ್ಲಾಸ್ಟರಿನ ಕಡೆ ತಿರುಗಿ, ನಲವತ್ತು ವರ್ಷದ ಹಿಂದೆ ಹೇಳಬೇಕಾಗಿದ್ದ ಥ್ಯಾಂಕ್ಸ್ ಹೇಳಿದೆ. ಅಳು ಬಂತು, ಅತ್ತೆ. ಇವರು ಬೈದರೆ ಬೈಸಿಕೊಳ್ಳುವುದೆಂದು ತಲೆ ತಗ್ಗಿಸಿ ನಿಂತಿದ್ದೆ.

ಟೀಚರ್ ಮತ್ತೊಮ್ಮೆ ಆ ಕೆನ್ನೆ ಮುಟ್ಟಿದರು. "ನೋಡಿ, ಸುಡುವುದಿಲ್ಲ ಅಲ್ಲಾ? ಬೆಚ್ಚಗೆ ಉಂಟು, ಅಷ್ಟೇ," ಎಂದರು.

ಪಾಟೀಲರು, "ಬಾಯಾರ, ನಿಮ್ಮ ಕೆಂಪು ಪೆನ್ ಕೊಡ್ರಿ" ಎಂದು ಕೈ ಚಾಚಿದರು. ನನ್ನ ಗದ್ದ ಹಿಡಿದು ಮುಖ ಎತ್ತಿದರು. "ಅಳ್ಳಾಡಬ್ಯಾಡ್ರಿ" ಎಂದು ನನ್ನ ಎಡಗೆನ್ನೆಯ ಮೇಲೆ ನಿಧಾನವಾಗಿ ಕಲೆ ಬರೆದರು.

ನಾನು ಮಾತಾಡಿದ ಕ್ಷಣವೇ ಪ್ಲಾಸ್ಟರ್ ತಣ್ಣಗಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಕೆಳಗಿನಿಂದ ಉಪ್ಪಿಟ್ಟು, ಕಾಫಿ ಬಂತು. ಎಲ್ಲರೂ ತಿನ್ನುತ್ತ, ಹಳೆಯ ಡೈಲಾಗು ಹೇಳುತ್ತ, ರಾಕೆಟ್ಟಿನ ಬಾಗಿಲು ನೆನೆದು ನಗುತ್ತ ಕೂತೆವು. ಯಾರಿಗೋ ನೆನಪಾಗಿ ಗನ್ನು ಹಿಡಿದಾಗ ಎಡಗೆನ್ನೆಯೂ 'ಲೋ' ಎಂದಿತು. ಯಾವಾಗ ತಣ್ಣಗಾಯಿತೋ ಒಬ್ಬರೂ ನೋಡಿರಲಿಲ್ಲ.

ಆಮೇಲೆ ಅದೇ ಅಚ್ಚಿನಲ್ಲಿ ಮೂರು ಸಲ ಪ್ಲಾಸ್ಟರ್ ಸುರಿದೆ. ಕಲಸದೆ ಉಳಿದ ಗಂಟು ತಡವಾಗಿ ಗಟ್ಟಿಯಾದರೆ ಹೀಗಾಗಬಹುದೇ ಎಂದು ಬೇಕೆಂದೇ ಗಂಟು ಬಿಟ್ಟೂ ನೋಡಿದೆ. ಮೂರೂ ಸರಿಯಾದ ಹೊತ್ತಿಗೆ ತಣ್ಣಗಾದವು. ಮೊದಲನೆಯದನ್ನು ಒಡೆದು ನೋಡೋಣವೆಂದರೆ ಸುಮತಿ ಟೀಚರ್ ಮುಟ್ಟಲು ಬಿಡುವುದಿಲ್ಲ. ವಿವರಣೆ ಬೇಕಿಲ್ಲ ಎಂದು ದೊಡ್ಡವನಂತೆ ಹೇಳಲಾರೆ. ಬೇಕು. ಸಿಕ್ಕಿಲ್ಲ.

ಆ ಸಂಜೆ ಮನೆಗೆ ಬಂದಾಗ ಹೆಂಡತಿ ನನ್ನ ಮುಖ ನೋಡಿ, "ಏನ್ರಿ ಇದು, ಸಣ್ಣ ಹುಡುಗರಂಗ?" ಎಂದಳು. ಕೂರಿಸಿಕೊಂಡು ಮೊದಲಿನಿಂದ ಎಲ್ಲ ಹೇಳಿದೆ. ಅವಳು ನಗಲಿಲ್ಲ, ನಿಂಬೆಹಣ್ಣಿನ ಮಾತೂ ಎತ್ತಲಿಲ್ಲ. "ಇಷ್ಟು ವರ್ಷ ಇದನ್ನ ಹೊಟ್ಟ್ಯಾಗ ಇಟಗೊಂಡಿದ್ರೇನು? ಹೋಗ್ರಿ, ಮುಖಾ ತೊಳಕೊಂಡು ಉಣ್ಣಾಕ ಬರ್ರಿ," ಎಂದಳು. ನಾನು ಎದ್ದು ಹೋಗಿ, ಎಡಗೆನ್ನೆಯನ್ನು ಬಿಟ್ಟು ಉಳಿದ ಮುಖ ತೊಳೆದುಕೊಂಡು ಬಂದೆ.