ನಾರಾವಿ ಬಸ್ಸಿನ ಮಗು

ವಿಮಲತ್ತಿಗೆ, ಆ ದಿನ ಆಸ್ಪತ್ರೆಯಲ್ಲಿ ಡಾಕ್ಟರು ನಿಮ್ಮ ಬಗ್ಗೆ ಒಂದು ಮಾತು ಹೇಳಿದ್ದರು. ನೀವು ಕೇಳಿದಾಗ ನಾನು, ಏನೂ ಹೇಳಲಿಲ್ಲ ಎಂದೆ. ಅದು ಸುಳ್ಳು. ಹತ್ತು ವರ್ಷಗಳಿಂದ ಆ ಸುಳ್ಳನ್ನು ನಂಬಿಕೊಂಡೇ ನೀವು ಬದುಕಿದ್ದೀರಿ, ಮತ್ತು ನಾನು ಅದನ್ನು ದಿನವೂ ನೋಡುತ್ತಾ ಸುಮ್ಮನಿದ್ದೇನೆ.

ತೊಂಬತ್ತೆಂಟರಲ್ಲಿ ಅಣ್ಣ ಮಸ್ಕತ್ತಿನ ಕೆಲಸ ಕಳೆದುಕೊಂಡು ತೋಡಾರಿನ ಮನೆಗೆ ಬಂದಾಗ ನೀವು ನರ್ಸಿಂಗ್ ಮುಗಿಸಿ ಹದಿನಾಲ್ಕು ವರ್ಷವಾಗಿತ್ತು. ಮದುವೆಯಾದ ಮೇಲೆ ಒಂದು ದಿನವೂ ನೀವು ಕೆಲಸಕ್ಕೆ ಹೋದವರಲ್ಲ. ನಮ್ಮ ಅಮ್ಮ ಬಿಡಲಿಲ್ಲ. ಈಗ ಅದೇ ಮನೆ, ಗಲ್ಫಿನ ನರ್ಸ್ ಲೈಸೆನ್ಸ್ ಪರೀಕ್ಷೆ ಬರೆ, ಪಾಸಾದರೆ ನೀನಾದರೂ ಹೋಗಬಹುದು ಎಂದಿತು. ನೀವು ಹೆದರಿದಿರಿ. ಆದರೆ ಆ ಹೆದರಿಕೆಯ ಹಿಂದೆ ಒಂದು ಆಸೆಯೂ ಇತ್ತು – ಮನೆಯಲ್ಲಿ ಅದನ್ನು ಕಂಡವಳು ನಾನೊಬ್ಬಳೇ.

ಬಿ.ಎಸ್ಸಿ. ಮಾಡಿ ಮೂಡುಬಿದಿರೆಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನಗೆ, ಗೈಡಿನ ಇಂಗ್ಲಿಷ್ ಪ್ರಶ್ನೆಗಳನ್ನು ಓದಿ ಹೇಳುವ ಕೆಲಸ ಬಂತು. ಸಂಜೆ ಜಗಲಿಯಲ್ಲಿ ಕುಳಿತು ಪ್ರಶ್ನೆ ಓದುತ್ತಿದ್ದೆ, ನಾಲ್ಕು ಉತ್ತರ ಓದುತ್ತಿದ್ದೆ. ಪ್ರಶ್ನೆ ಮುಗಿಯುವ ಮೊದಲೇ ನಿಮ್ಮ ಕೈಗಳು ಗಾಳಿಯಲ್ಲಿ ಬ್ಯಾಂಡೇಜು ಸುತ್ತುತ್ತಿದ್ದವು. ಉತ್ತರ ಬಾಯಿಗೆ ಬರುವಾಗ ಮಾತ್ರ ತಡವರಿಸುತ್ತಿತ್ತು.

"ತಪ್ಪು" ಎನ್ನುತ್ತಿದ್ದೆ ನಾನು, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ.

"ನಮ್ಮ ನರ್ಸಿಂಗ್ ಸ್ಕೂಲಿನ ಟ್ಯೂಟರ್ ಸಿಸ್ಟರೇ ವಾಸಿ ಮಾರಾಯ್ತಿ. ಬೈದ ಮೇಲೆ ಒಂದು ಚಾ ಆದರೂ ಕೊಡ್ತಿದ್ರು. ನಿನ್ನದು ಬರೀ ಬೈಗುಳ!"

"ಮೊದಲು ಪಾಸಾಗಿ ಅತ್ತಿಗೆ, ಚಾ ಆಮೇಲೆ ನೋಡುವ."

ನಗುತ್ತಿದ್ದಿರಿ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ನಿಮಗೊಂದು ಅಭ್ಯಾಸ ಬಿದ್ದಿತ್ತು – ಉತ್ತರ ಹೇಳುವ ಮೊದಲು ನನ್ನ ಮುಖ ನೋಡುವುದು. ಅದು ನನಗೆ ಹಿತವಾಗಿತ್ತು. ಇದನ್ನೂ ಹೇಳಿಬಿಡಬೇಕು. ಒಬ್ಬ ರೋಗಿಯ ಮೈ ಮುಟ್ಟಿ ಗೊತ್ತಿಲ್ಲದ ನಾನು, ಮದುವೆಗೆ ಮೊದಲು ವರ್ಷಗಟ್ಟಲೆ ವಾರ್ಡಿನಲ್ಲಿ ನಿಂತ ನಿಮಗೆ ಸರಿ–ತಪ್ಪು ಹೇಳುವವಳಾಗಿದ್ದೆ.

ನಿಮ್ಮ ತವರಿನಲ್ಲಿ ಉಳಿದಿದ್ದ ಹಳೆಯ ಸರ್ಟಿಫಿಕೇಟು ತರಲು ಇಬ್ಬರೂ ನಾರಾವಿಗೆ ಹೋಗಿದ್ದೆವು. ಬಸ್ಸಿನಲ್ಲಿ ವಾಪಸ್ ಬರುವಾಗ ಎದುರಿನ ಸೀಟಿನಲ್ಲಿ ಒಬ್ಬಳು ಬ್ಯಾರಿ ಹೆಂಗಸು, ಮಡಿಲಲ್ಲಿ ಇನ್ನೂ ವರ್ಷ ತುಂಬದ ಮಗು, ಪಕ್ಕದಲ್ಲಿ ನೆಲಗಡಲೆ ತಿನ್ನುತ್ತಿದ್ದ ದೊಡ್ಡ ಮಗಳು. ಅಕ್ಕನ ಕೈಯಿಂದ ತಂಗಿಯ ಬಾಯಿಗೆ ಒಂದು ಕಾಳು ಯಾವಾಗ ಹೋಯಿತೋ! ಮಗು ಅಳಲಿಲ್ಲ. ಅಳಲು ಅದಕ್ಕೆ ಆಗುತ್ತಿರಲಿಲ್ಲ. ಬಾಯಿ ತೆರೆದಿತ್ತು, ಶಬ್ದವಿಲ್ಲ, ತುಟಿ ನೀಲಿಯಾಗುತ್ತಿತ್ತು.

ನೀವು ಎದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಮಗುವನ್ನು ತೆಗೆದುಕೊಂಡು, ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಮಾಡಿ, ಬೆನ್ನಿಗೆ ತಟ್ಟಿದಿರಿ. ಒಮ್ಮೆ, ಮತ್ತೊಮ್ಮೆ. ನನಗೆ ಹಿಂದಿನ ವಾರದ ಪ್ರಶ್ನೆ ನೆನಪಾಯಿತು – ಗಂಟಲಿಗೆ ಸಿಕ್ಕಿಕೊಂಡರೆ ಬೆನ್ನಿಗೆ ಹೊಡೆಯಬಾರದು, ಹೊಟ್ಟೆಯ ಮೇಲೆ ಒತ್ತಬೇಕು. ಅದು ದೊಡ್ಡವರ ಬಗ್ಗೆ ಕೇಳಿದ ಪ್ರಶ್ನೆ. ಅಷ್ಟು ಯೋಚಿಸಲು ನಾನು –

"ತಪ್ಪು ಅತ್ತಿಗೆ! ಹೊಡೀಬೇಡಿ, ಪುಸ್ತಕದಲ್ಲಿ ಹಾಗಿಲ್ಲ!"

ನಿಮ್ಮ ಕೈ ಎತ್ತಿದಲ್ಲೇ ನಿಂತಿತು. ನೀವು ನನ್ನ ಮುಖ ನೋಡಿದಿರಿ. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅಷ್ಟರಲ್ಲಿ ತಾಯಿ, "ಕೊಡಿ, ನನ್ನ ಮಗುವನ್ನು ಕೊಲ್ತೀರಾ!" ಎಂದು ಕಿತ್ತುಕೊಂಡಳು. ಕಂಡಕ್ಟರ್ ಡ್ರೈವರನಿಗೆ, "ಎಲ್ಲಿಯೂ ನಿಲ್ಲಿಸಬೇಡ ಮಾರಾಯ, ಸೀದಾ ಆಸ್ಪತ್ರೆಗೆ ಬಿಡು!" ಎಂದು ಕೂಗುತ್ತಿದ್ದ. ಮೂಡುಬಿದಿರೆಯವರೆಗೂ ಮಗುವಿನ ಎದೆಯಿಂದ ಒಂದು ಸಣ್ಣ ಸಿಳ್ಳಿನಂಥ ಶಬ್ದ ಬರುತ್ತಿತ್ತು. ಅದು ನಿಂತರೆ ಎಂದು ನಾನು ಕಿವಿಗೊಟ್ಟು ಕುಳಿತಿದ್ದೆ. ಈಗಲೂ ಬಸ್ಸಿನಲ್ಲಿ ಯಾವುದಾದರೂ ಮಗು ಕೆಮ್ಮಿ ಸುಮ್ಮನಾದರೆ ನಾನು ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತೇನೆ.

ಆಸ್ಪತ್ರೆಯಲ್ಲಿ ನೀವು ಒಳಗೆ ಬರಲಿಲ್ಲ, ಹೊರಗಿನ ಮೆಟ್ಟಿಲ ಮೇಲೆ ಕುಳಿತಿರಿ. ಕಾಳನ್ನು ತೆಗೆದ ಮೇಲೆ ಡಾಕ್ಟರು ಹೊರಗಿನ ಕೋಣೆಗೆ ಬಂದು, ಏನಾಯಿತು ಎಂದು ನನ್ನನ್ನು ಕೇಳಿದರು. ಹೇಳಿದೆ – ನನ್ನ ಕೂಗೊಂದನ್ನು ಬಿಟ್ಟು.

"ಇಷ್ಟು ಸಣ್ಣ ಮಗುವಿಗೆ ಅದೇ ಸರಿ," ಎಂದರು. "ಬೆನ್ನಿಗೆ ಬಿದ್ದ ಪೆಟ್ಟಿನಿಂದ ಕಾಳು ಸ್ವಲ್ಪ ಸರಿದು ಉಸಿರಿಗೆ ದಾರಿ ಆಗಿರಬೇಕು. ಇಲ್ಲದಿದ್ರೆ ಇಲ್ಲಿಗೆ ಮುಟ್ಟುತ್ತಿರಲಿಲ್ಲ. ಆದರೆ ಅರ್ಧಕ್ಕೆ ಯಾಕೆ ನಿಲ್ಲಿಸಿದ್ರು?"

"ಗೊತ್ತಿಲ್ಲ" ಎಂದೆ.

ಹೊರಗೆ ಬಂದಾಗ ನೀವು ನನ್ನ ಕೈ ಹಿಡಿದುಕೊಂಡಿರಿ. "ಮಗು ಬದುಕಿ ಉಂಟಾ?"

"ಉಂಟು. ಏನೂ ತೊಂದರೆ ಇಲ್ಲವಂತೆ."

"ಡಾಕ್ಟ್ರು ಏನು ಹೇಳಿದ್ರು? ನಾನು ಹೊಡೆದದ್ದರಿಂದ ಏನಾದರೂ..."

"ಏನೂ ಹೇಳ್ಲಿಲ್ಲ. ಇನ್ನು ಅದರ ಮಾತು ಬೇಡ ಅತ್ತಿಗೆ."

ನೀವು ಮಾಡಿದ್ದು ಸರಿ ಎಂದರೆ, ನಿಲ್ಲಿಸಿದ್ದು ನಾನು ಎಂದಾಗುತ್ತಿತ್ತು. ಒಂದು ಮಗುವಿನ ಉಸಿರಿಗೆ ಅಡ್ಡ ನಿಂತವಳು ನಾನು ಎಂದಾಗುತ್ತಿತ್ತು. ನಾಳೆ ಹೇಳುವ ಎಂದುಕೊಂಡೆ. ಆದರೆ ಅದೇ ದಿನ ಅಣ್ಣ ಕೇಳಿದಾಗ, "ಅತ್ತಿಗೆಗೆ ಗಾಬರಿಯಾಯಿತು" ಎಂದುಬಿಟ್ಟೆ. ನೀವು ತಲೆ ತಗ್ಗಿಸಿ ಹೌದೆಂದಿರಿ. ನನ್ನನ್ನು ಉಳಿಸಲಿಕ್ಕಲ್ಲ, ನೀವು ಅದನ್ನು ನಂಬಿದ್ದಿರಿ.

ಜಗಲಿಗೆ ಮತ್ತೆ ಬರಲಿಲ್ಲ ನೀವು. ಪರೀಕ್ಷೆಗೆ ಬೊಂಬಾಯಿಗೆ ಹೋಗಬೇಕಾದ ದಿನ, "ನನ್ನ ಕೈಗೆ ಎಲ್ಲ ಮರೆತುಹೋಗಿದೆ" ಎಂದು ಒಳಗೆ ಹೋದಿರಿ. "ಬಸ್ಸಿನಲ್ಲಿ ನಡುಗಿದವಳು ಅಲ್ಲಿ ಹೋಗಿ ಏನು ಮಾಡ್ತಾಳೆ, ಸಾಯಿಸ್ತಾಳೆ ಅಷ್ಟೇ" ಎಂದ ಅಣ್ಣ. ನಾನು ಅಲ್ಲೇ ಬಾಗಿಲ ಬಳಿ ನಿಂತಿದ್ದೆ.

ಮೊನ್ನೆ ನಿಮ್ಮ ಮಗಳು ಶ್ರುತಿ ಗಂಡನ ಮನೆಯಲ್ಲಿ ಬಾಣಂತನ ಮುಗಿಸಿ ಬಂದು ಕೂಸನ್ನು ನಿಮ್ಮ ಮಡಿಲಿಗೆ ಹಾಕಲು ಬಂದಳು. ನೀವು ಹಿಂದೆ ಸರಿದಿರಿ. "ಬೇಡ ಮಗಾ, ಸಣ್ಣ ಮಕ್ಕಳು ನನ್ನ ಕೈಗೆ ಬೇಡ. ಅತ್ತೆಯ ಕೈಯಲ್ಲಿ ಕೊಡು." ಶ್ರುತಿ ಕೂಸನ್ನು ತಂದು ನನಗೆ ಕೊಟ್ಟಳು. ನಾನು – ನಾನು ಎತ್ತಿಕೊಂಡೆ, ಅತ್ತಿಗೆ.

ಲೈಸೆನ್ಸಿನ ವಯಸ್ಸು ನಿಮಗೆ ಮೀರಿತು. ಅದನ್ನು ನಾನು ತಂದುಕೊಡಲಾರೆ. ಭಾನುವಾರ ಅಣ್ಣನೂ ಶ್ರುತಿಯೂ ಮನೆಯಲ್ಲಿರುತ್ತಾರೆ. ಸುಳ್ಳು ಹೇಳಿದ್ದು ಮನೆಯವರ ಎದುರಿಗೆ, ನಿಜವನ್ನೂ ಅವರೆದುರೇ ಹೇಳುತ್ತೇನೆ – ಡಾಕ್ಟರು ಹೇಳಿದ್ದನ್ನು, ಡಾಕ್ಟರಿಗೆ ನಾನು ಹೇಳದೆ ಬಿಟ್ಟ ಆ ಕೂಗನ್ನು. ನೀವು ನನ್ನೊಡನೆ ಮಾತು ಬಿಡಬಹುದು. ಕೂಸನ್ನು ಎತ್ತಿಕೊಳ್ಳಬಹುದು, ಎತ್ತಿಕೊಳ್ಳದೆಯೂ ಇರಬಹುದು. ಅದನ್ನು ನೋಡಲು ಕಾದು ನಿಲ್ಲುವುದಿಲ್ಲ. ಹೇಳಿ ಮುಗಿಸಿ ನಾನು ಹೊರಗೆ ಹೋಗುತ್ತೇನೆ.