ಚೌಕಾಸಿಗೆ ಉಪವಾಸ

ಒಂದು ಕಟ್ಟು ಮೆಂತ್ಯ ಸೊಪ್ಪಿಗೆ ನಲವತ್ತು ರೂಪಾಯಿ, ಕೇಳಿದಷ್ಟೂ ಕೊಟ್ಟೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ದೇವರ ಪ್ರೀತಿಗಾಗಿ ನಿಮಗಿಷ್ಟವಾದದ್ದೊಂದನ್ನು ಬಿಡಿ ಎಂದಿದ್ದರು ನಮ್ಮ ಚರ್ಚಿನ ಫಾದರ್. ನಾನು ಚೌಕಾಸಿ ಬಿಟ್ಟಿದ್ದೆ. ವಿಜಯಪುರದ ಸಂತೆಯಲ್ಲಿ ಪ್ರತಿ ವಾರ ನನ್ನೊಡನೆ ಜಗ್ಗಾಡುವ ಸೊಪ್ಪಿನ ಮುನಿಯಮ್ಮನ ಮುಖ ಸಪ್ಪಗಾಯಿತು.

“ಯಾಕಣ್ಣಾ, ನನ್ಮೇಲೆ ಕೋಪಾನಾ? ಒಂದ್ ಮಾತೂ ಆಡ್ದೆ ದುಡ್ಡು ಕೊಟ್ಟು ಹೊಂಟ್ಬಿಟ್ಟೆ!”

ಕಾರಣ ಹೇಳಿದೆ. ಆಕೆ ಬಿದ್ದೂ ಬಿದ್ದೂ ನಕ್ಕಳು. “ನಿಮ್ ದೇವ್ರು ಬಾಯಿ ಮುಚ್ಕೊಂಡಿರು ಅಂದ್ನಾ? ಕೂತ್ಕೋ, ಬೇರೆ ಏನಾದ್ರೂ ಮಾತಾಡು” ಎಂದು ಗೋಣಿಚೀಲ ಹಾಸಿದಳು. ಕೂತೆ. ಇಷ್ಟು ವರ್ಷ ಬರೀ ದರ ಕೇಳಿದವನಿಗೆ, ಆಕೆಗೆ ಮೊಮ್ಮಗಳು ಹುಟ್ಟಿರುವುದು ಅಂದೇ ಗೊತ್ತಾಯಿತು.

ದೇವರ ಮಾತು ಕೇಳಿ ನೀವೂ ಏನಾದರೂ ಬಿಡುವುದಾದರೆ ಧಾರಾಳವಾಗಿ ಬಿಡಿ. ಆದರೆ ಎದುರಿಗಿರುವವರಿಗೆ ಮೊದಲೇ ಹೇಳಿ, ಎರಡು ನಿಮಿಷ ಕೂತು ಅವರ ಮನೆಯ ಸುದ್ದಿ ಕೇಳಿ.